ಬೀಗ ಹೊರಗಿನವರನ್ನು ತಡೆಯಲಿ, ಒಳಗಿನವರನ್ನಲ್ಲ

ಮಣಿಕೊಂಡದ ಓದುಗರಿಗೆ,

ಫ್ಲ್ಯಾಟಿನ ಎರಡು ಕೋಣೆಗಳಲ್ಲಿ ಡಬ್ಬಿಂಗ್ ಸ್ಟುಡಿಯೊ ಮಾಡುವುದು ಸರಿಯೇ. ಆದರೆ ಕಳ್ಳರ ಭಯಕ್ಕೆ ಕಿಟಕಿ ಮುಚ್ಚಿಸಿ, ಒಂದೇ ಬಾಗಿಲಿಟ್ಟು, ಗೋಡೆಗೆಲ್ಲ ಫೋಮ್ ಅಂಟಿಸುವ ನಿಮ್ಮ ನಕ್ಷೆ ನನಗೆ ದಿಗಿಲು ಹುಟ್ಟಿಸಿತು. 1989ರ ಫೆಬ್ರುವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೊದಲ್ಲಿ ಟಿಪ್ಪು ಸುಲ್ತಾನ್ ಧಾರಾವಾಹಿಯ ಚಿತ್ರೀಕರಣದ ವೇಳೆ ಬೆಂಕಿ ಬಿದ್ದು 62 ಮಂದಿ ಪ್ರಾಣ ಕಳೆದುಕೊಂಡರು. ಅಲ್ಲಿ ಗೋಡೆಗೆ ಹೊದಿಸಿದ್ದದ್ದು ಗೋಣಿತಾಟು; ಗಾಳಿಗೆ ದಾರಿಯಿರಲಿಲ್ಲ, ವೈರಿಂಗ್ ಸಡಿಲವಾಗಿತ್ತು.

ಅಗ್ಗದ ಫೋಮ್ ಗೋಣಿಗಿಂತ ಕೆಟ್ಟದ್ದು. ಉರಿಯುವಾಗ ಅದು ವಿಷದ ಹೊಗೆ ಉಗುಳುತ್ತದೆ, ಮನುಷ್ಯರು ಬೀಳುವುದು ಹೆಚ್ಚಾಗಿ ಆ ಹೊಗೆಗೇ. ಅದರ ಬದಲು ಬೆಂಕಿ ಹಿಡಿಯದ ರಾಕ್‌ವೂಲ್ ಹಲಗೆ ಹಾಕಿಸಿ; ದುಬಾರಿಯಾದರೂ ಇಲ್ಲಿ ಚೌಕಾಸಿ ಬೇಡ. ಕಿಟಕಿ ಇರಲಿ, ಗ್ರಿಲ್ ಒಳಗಿನಿಂದ ತೆರೆಯುವಂತಿರಲಿ. ಬಾಗಿಲು ಹೊರಕ್ಕೆ ತೆರೆಯಬೇಕು, ಒಳಗಿದ್ದವರಿಗೆ ಕೀಲಿ ಬೇಕಾಗಬಾರದು. ಮೆಯಿನ್ ಸ್ವಿಚ್ ಮತ್ತು ಬೆಂಕಿ ಆರಿಸುವ ಸಿಲಿಂಡರ್ ಬಾಗಿಲ ಪಕ್ಕದಲ್ಲೇ ಇರಲಿ.

ಕಳ್ಳತನಕ್ಕೆ ಮದ್ದು ಬೇರೆ. ಬಂದವರು ಮುಂದಿನ ಕೋಣೆಯಲ್ಲೇ ಕೂರಲಿ, ಮೈಕು, ಹಾರ್ಡ್‌ಡಿಸ್ಕು ಒಳಕೋಣೆಯ ಬೀರುವಿನಲ್ಲಿರಲಿ, ಧ್ವನಿಮುದ್ರಣದ ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಲಿ. ಬೆಂಕಿ ಹೊತ್ತಿಕೊಳ್ಳಬಹುದಾದ ಯುಪಿಎಸ್ ಬ್ಯಾಟರಿಗಳನ್ನು ಮಾತ್ರ ಹೊರದಾರಿಯಲ್ಲಿ ಇಡಬೇಡಿ. ಗಾಳಿಯಾಡುವ ಬಾಲ್ಕನಿಗೆ, ಮಳೆ ತಾಗದ ಮೂಲೆಗೆ ಸಾಗಿಸಿ.