ಅಲೆಮಾರಿ ವಂಶಾವಳಿ: ಇಂಗ್ಲೆಂಡಿನ ರೊಮಾನಿ ಕುಟುಂಬಗಳು ಮತ್ತು ಲಿಖಿತ ದಾಖಲೆ

ಇಂಗ್ಲೆಂಡಿನ ರೊಮಾನಿ ಜನರು ಭಾರತ ಮೂಲದವರೆಂಬುದನ್ನು ಅವರ ಭಾಷೆಯೇ ತೋರಿಸಿಕೊಟ್ಟಿದೆ. ಆದರೆ ಒಂದು ನಿರ್ದಿಷ್ಟ ಕುಟುಂಬದ ಐದಾರು ತಲೆಮಾರುಗಳನ್ನು ಗುರುತಿಸಲು ಭಾಷೆ ನೆರವಾಗದು. ಅದಕ್ಕೆ ನೆಲೆನಿಂತವರು ನೆಲೆನಿಂತವರಿಗಾಗಿ ಬರೆದಿಟ್ಟ ದಾಖಲೆಗಳನ್ನೇ ಆಶ್ರಯಿಸಬೇಕಾಗುತ್ತದೆ.

1837ರಲ್ಲಿ ಸರ್ಕಾರಿ ಜನನ ನೋಂದಣಿ ಆರಂಭವಾದರೂ ಅದರ ಹೊಣೆಯನ್ನು ತಂದೆತಾಯಿಯರ ಮೇಲೆ ಕಟ್ಟುನಿಟ್ಟಾಗಿ ಹೊರಿಸಿದ್ದು 1874ರ ಕಾಯಿದೆ. ಹೀಗಾಗಿ ಹಿಂದಿನ ಅವಧಿಗೆ ಚರ್ಚುಗಳ ದೀಕ್ಷಾಸ್ನಾನದ ಪುಸ್ತಕಗಳೇ ಹೆಚ್ಚು ಫಲಕಾರಿ. 1813ರಿಂದ ಬಳಕೆಗೆ ಬಂದ ಅಚ್ಚಿನ ನಮೂನೆಯಲ್ಲಿ ತಂದೆತಾಯಿಯರ ವಾಸಸ್ಥಳಕ್ಕೂ ತಂದೆಯ ವೃತ್ತಿಗೂ ಪ್ರತ್ಯೇಕ ಅಂಕಣಗಳಿದ್ದವು. ವಾಸಸ್ಥಳವೇ ಇಲ್ಲದವನ ಎದುರು ಪಾದ್ರಿ ಏನು ಬರೆಯಬೇಕು? ಕೆಲವರು ‘ಜಿಪ್ಸಿ’ ಎಂದರು, ಕೆಲವರು ‘ಪ್ರಯಾಣಿಕ’ ಎಂದರು; ಬುಟ್ಟಿ ಹೆಣೆಯುವವ, ಸಾಣೆ ಹಿಡಿಯುವವ ಎಂದು ವೃತ್ತಿಯನ್ನಷ್ಟೇ ನಮೂದಿಸಿ ಸುಮ್ಮನಾದವರೂ ಉಂಟು. ಆದ್ದರಿಂದ ‘ಜಿಪ್ಸಿ’ ಎಂಬ ಪದವನ್ನೇ ನೆಚ್ಚಿ ಹುಡುಕುವವನಿಗೆ ಬಂಧುಗಳಲ್ಲಿ ಹಲವರು ಕೈತಪ್ಪುತ್ತಾರೆ. ಒಂದೇ ಮಗುವಿಗೆ ಎರಡು ಊರುಗಳಲ್ಲಿ ದೀಕ್ಷಾಸ್ನಾನವಾದ ನಿದರ್ಶನಗಳಿರುವುದರಿಂದ, ಇಲ್ಲದ ಬಂಧುವನ್ನು ಸೃಷ್ಟಿಸಿಕೊಳ್ಳುವ ಅಪಾಯವೂ ಇದೆ.

ಜನಗಣತಿಯ ತೊಡಕು ಬೇರೆ ಬಗೆಯದು. 1841ರಲ್ಲಿ ಗುಡಾರ, ಕೊಟ್ಟಿಗೆಗಳಲ್ಲಿ ಮಲಗಿದ್ದವರನ್ನು ಬಹುಮಟ್ಟಿಗೆ ತಲೆಯೆಣಿಸಿ ಬಿಡಲಾಯಿತು, ಹೆಸರಿಲ್ಲ. ಹೆಸರು ದೊರೆತಲ್ಲಿ, 1851ರಿಂದಾಚೆಗಿನ ಗಣತಿಗಳು ಹುಟ್ಟಿದ ಊರನ್ನೂ ಹೇಳುತ್ತವೆ. ಏಳು ಮಕ್ಕಳು ಏಳು ಊರುಗಳಲ್ಲಿ ಹುಟ್ಟಿದ್ದರೆ ಅದನ್ನು ಗಣತಿದಾರನ ಗೊಂದಲವೆಂದು ತಳ್ಳಿಹಾಕಲಾಗದು; ಅದೇ ಆ ಕುಟುಂಬ ನಡೆದ ದಾರಿ. ಆದರೂ ಈ ಗಣತಿಗಳು ಕಂಡದ್ದು ವಸಂತದ ಒಂದು ರಾತ್ರಿಯನ್ನು ಮಾತ್ರ. ಸೆಪ್ಟೆಂಬರಿನಲ್ಲಿ ಕೆಂಟ್ ಪ್ರಾಂತದ ಹಾಪ್ ತೋಟಗಳ ಕೊಯ್ಲಿಗೆ ಸೇರುತ್ತಿದ್ದ ಗುಡಾರಗಳ ಸುಳಿವಿಗೆ ಅಲ್ಲಿನ ಚರ್ಚುಗಳ ಆ ತಿಂಗಳ ಪುಟಗಳನ್ನೇ ತಿರುವಬೇಕು.