ಅವರಿಗೆ ಬೊಂಡ ಬೇಡ

ಫರಂಗಿಪೇಟೆಯ ಅಕ್ಕನವರಿಗೆ,

ಆಸ್ಪತ್ರೆಯಲ್ಲಿ ಕಿಡ್ನಿ ಕಸಿಗಾಗಿ ಕಾಯುತ್ತಿರುವ ನಿಮ್ಮ ಯಜಮಾನರು ಗೋಡೆಗೆ ಮುಖ ಮಾಡಿ ಮಲಗುವುದು ಸಹಜ. ‘ಧೈರ್ಯ ತಗೊಳ್ಳಿ’ ಎಂದು ಮತ್ತೆ ಮತ್ತೆ ಹೇಳಬೇಡಿ. ಕೇಳಿ ಕೇಳಿ ಅವರಿಗೂ ಸಾಕಾಗಿರುತ್ತದೆ. ಬದಲಿಗೆ, ರಾಜ್ಯದ ಅಂಗಾಂಗ ಹಂಚಿಕೆ ಸಂಸ್ಥೆ ‘ಜೀವಸಾರ್ಥಕತೆ’ಯ ಪಟ್ಟಿಯಲ್ಲಿ ಅವರ ಹೆಸರು ಈಗ ಸಕ್ರಿಯವಾಗಿದೆಯೇ ಎಂದು ಆಸ್ಪತ್ರೆಯ ಕಸಿ ಸಂಯೋಜಕರನ್ನು ಕೇಳಿ. ಸೋಂಕಿದ್ದಾಗ ತಾತ್ಕಾಲಿಕವಾಗಿ ತಡೆಹಿಡಿಯುವುದುಂಟು. ಅದಕ್ಕೆ ಗಾಬರಿ ಬೇಡ.

ರಕ್ತದ ಗುಂಪು ಹೊಂದದೆ ನಿಮ್ಮ ಕಿಡ್ನಿ ಕೊಡಲಾಗಲಿಲ್ಲವೆಂದು ಕೊರಗುತ್ತಿದ್ದೀರಿ. ಇದೇ ತೊಂದರೆಯಲ್ಲಿರುವ ಇನ್ನೊಂದು ಕುಟುಂಬದೊಡನೆ ಅದಲುಬದಲು ದಾನಕ್ಕೆ 2011ರ ಕಾನೂನು ತಿದ್ದುಪಡಿ ಅವಕಾಶ ಕೊಟ್ಟಿದೆ. ಈ ಬಗ್ಗೆ ಖಂಡಿತ ವಿಚಾರಿಸಿ.

ಡಯಾಲಿಸಿಸ್ ಇಲ್ಲದ ದಿನ, ವೈದ್ಯರು ಒಪ್ಪಿದರೆ, ವಾರ್ಡಿನಲ್ಲೇ ನಾಲ್ಕು ಹೆಜ್ಜೆ ನಡೆಸಿ. ನೋಡಲು ಬಂದ ನೆಂಟರು ಬೊಂಡ, ಅಂದರೆ ಎಳನೀರು, ತರುತ್ತಾರೆ (ನಮ್ಮೂರ ಪ್ರೀತಿಯೇ ಹಾಗೆ!). ಯಜಮಾನರಿಗೆ ಕೊಟ್ಟರೆ ರಕ್ತದಲ್ಲಿ ಪೊಟ್ಯಾಸಿಯಂ ಏರೀತು. ನೀವೇ ಕುಡಿಯಿರಿ.