ಮರಿಗೊಂದು ಮನೆ

ಚಾಮರಾಜನಗರದಿಂದ ಯಳಂದೂರು, ಕೊಳ್ಳೇಗಾಲಗಳ ಕಡೆಗೆ ಹೋಗುವ ದಾರಿಯಲ್ಲಿ ಸಂತೆಮರಹಳ್ಳಿ ಎಂಬ ಊರಿದೆ. ಹೆಸರೇ ಹೇಳುವಂತೆ ಅದು ಸಂತೆಯ ಊರು. ರಾಗಿ, ಭತ್ತ, ತೆಂಗಿನಕಾಯಿ, ಕೋಳಿ, ಕುರಿ, ಹಗ್ಗ, ಮಡಕೆ ಹೀಗೆ ಸಂತೆಗೆ ಬರುವ ವಸ್ತುಗಳು ಅನೇಕ. ಪ್ರತಿಯೊಂದಕ್ಕೂ ಒಂದು ಬೆಲೆಯುಂಟು. ಹಣ ಕೊಟ್ಟವನು ಕೊಂಡು ಮನೆಗೆ ಒಯ್ಯುತ್ತಾನೆ. ಆದರೆ ರೈತನ ಮನೆಗೆ ಅಗತ್ಯವಾದ ಒಂದು ಜೀವಿಯನ್ನು ಹಳ್ಳಿಗರು ಸಾಮಾನ್ಯವಾಗಿ ಸಂತೆಯಲ್ಲಿ ಹುಡುಕುವುದಿಲ್ಲ. ಅದನ್ನು ಮನೆಯಿಂದ ಮನೆಗೆ ಕೇಳಿ ಪಡೆಯುತ್ತಾರೆ. ಅದೇ ಬೆಕ್ಕಿನ ಮರಿ.

ಈ ಸೀಮೆಯು ರೇಷ್ಮೆಗೆ ಹೆಸರಾದುದು. ಸಂತೆಮರಹಳ್ಳಿಯಲ್ಲಿ ಸರ್ಕಾರವು ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಯನ್ನು ಸ್ಥಾಪಿಸಿದುದೂ ಈ ಕಾರಣದಿಂದಲೇ. ಹಿಪ್ಪುನೇರಳೆಯ ಸೊಪ್ಪನ್ನು ತಿಂದು ಹುಳುಗಳು ಸುಮಾರು ಇಪ್ಪತ್ತೈದು ದಿನಗಳಲ್ಲಿ ಹಣ್ಣಾಗುತ್ತವೆ. ಬಳಿಕ ಅವುಗಳನ್ನು ಚಂದ್ರಿಕೆಗೆ ಬಿಟ್ಟು ಗೂಡು ಕಟ್ಟಿಸುತ್ತಾರೆ. ಮನೆಮಂದಿಯೆಲ್ಲ ಹಗಲಿರುಳು ದುಡಿದ ಫಲವು ಆ ಗೂಡುಗಳಲ್ಲಿ ಇರುತ್ತದೆ. ಇರುವೆಗಳು ಹತ್ತದಂತೆ ಸ್ಟ್ಯಾಂಡಿನ ಕಾಲುಗಳ ಕೆಳಗೆ ನೀರಿನ ಬಟ್ಟಲುಗಳನ್ನು ಇಡಬಹುದು. ಆದರೆ ಇಲಿಯ ವಿಷಯ ಹಾಗಲ್ಲ. ಅದು ಹುಳುವನ್ನೂ ತಿನ್ನುತ್ತದೆ. ಗೂಡನ್ನು ಕಡಿದು ಒಳಗಿನ ಕೋಶವನ್ನೂ ತಿನ್ನುತ್ತದೆ. ಕಿಟಕಿಗೆ ತಂತಿಯ ಬಲೆ ಹೊಡೆದು, ಬೋನು ಇಟ್ಟು ರೈತನು ಎಚ್ಚರಿಕೆ ವಹಿಸುತ್ತಾನೆ. ಅಂಗಳದಲ್ಲಿಯೂ ಅಟ್ಟದಲ್ಲಿಯೂ ಓಡಾಡುವ ಬೆಕ್ಕು ಅವನಿಗೆ ಕೂಲಿ ಕೇಳದ ಕಾವಲುಗಾರ.

ಬೆಕ್ಕಿನ ಈ ಉಪಕಾರವನ್ನು ಅರಿತವರು ನಮ್ಮ ನಾಡಿನ ರೈತರು ಮಾತ್ರವಲ್ಲ. ರೇಷ್ಮೆಯ ಕೃಷಿಯಲ್ಲಿ ಹೆಸರಾದ ಜಪಾನಿನಲ್ಲಿ ಹಿಂದೆ ಹುಳು ಸಾಕುವ ಮನೆಗಳವರು ಬೆಕ್ಕನ್ನು ಬಹಳ ಆದರದಿಂದ ಸಾಕುತ್ತಿದ್ದರು. ಅಲ್ಲಿಯ ಉತ್ತರ ಭಾಗದ ರೇಷ್ಮೆ ಸೀಮೆಯಲ್ಲಿ ಒಳ್ಳೆಯ ಬೆಕ್ಕಿನ ಬೆಲೆ ಕುದುರೆಯ ಬೆಲೆಗಿಂತಲೂ ಹೆಚ್ಚಾಗಿತ್ತೆಂದು ಹತ್ತೊಂಬತ್ತನೆಯ ಶತಮಾನದ ಬರಹವೊಂದು ತಿಳಿಸುತ್ತದೆ. ಮನುಷ್ಯನಿಗೂ ಬೆಕ್ಕಿಗೂ ಸ್ನೇಹ ಬೆಳೆದುದೇ ಹೀಗೆ. ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಪಶ್ಚಿಮ ಏಷ್ಯದಲ್ಲಿ ಮಾನವನು ಧಾನ್ಯ ಬೆಳೆದು ಕೂಡಿಡತೊಡಗಿದಾಗ ಕಣಜಕ್ಕೆ ಇಲಿಗಳು ಬಂದವು. ಇಲಿಗಳನ್ನು ಅರಸಿ ಕಾಡುಬೆಕ್ಕು ಬಂದಿತು. ಬಂದುದು ಅಲ್ಲಿಯೇ ನೆಲೆಸಿತು.

ಹಳ್ಳಿಯ ಒಂದು ಮನೆಯಲ್ಲಿ ಬೆಕ್ಕು ಗಬ್ಬವಾಗಿದೆ ಎಂದು ತಿಳಿದೊಡನೆ ನೆರೆಯವರು ಬಂದು ಹೇಳಿಡುತ್ತಾರೆ: “ಅಕ್ಕಾ, ಈ ಸಲ ಮರಿ ಹಾಕಿದರೆ ನಮಗೊಂದು ಇರಲಿ. ನಮ್ಮ ಮನೆಯಲ್ಲಿ ಇಲಿಯ ಕಾಟ ತಡೆಯಲಾಗುತ್ತಿಲ್ಲ.” ಇನ್ನೊಬ್ಬರು ಗಂಡುಮರಿಯೇ ಬೇಕೆನ್ನುತ್ತಾರೆ; ಮತ್ತೊಬ್ಬರು ಮೂರು ಬಣ್ಣದ್ದನ್ನು ಕೇಳುತ್ತಾರೆ. ಮನೆಯೊಡತಿ ಯಾವ ಪುಸ್ತಕದಲ್ಲಿಯೂ ಬರೆದುಕೊಳ್ಳುವುದಿಲ್ಲ. ಆದರೂ ಯಾರು ಮೊದಲು ಕೇಳಿದರು, ಯಾರ ಮನೆಯಲ್ಲಿ ಮಕ್ಕಳು ಮರಿಯನ್ನು ಹಿಂಸಿಸುತ್ತಾರೆ, ಯಾರ ಮನೆಯಲ್ಲಿ ಕಚ್ಚುವ ನಾಯಿಯಿದೆ ಎಂಬುದೆಲ್ಲ ಅವಳ ನೆನಪಿನಲ್ಲಿ ಇರುತ್ತದೆ. ಕೊಡುವಾಗ ಅವಳು ಸರದಿಯನ್ನೂ ನೋಡುತ್ತಾಳೆ, ಮನೆಯನ್ನೂ ನೋಡುತ್ತಾಳೆ. ದೊಡ್ಡ ನಗರಗಳಲ್ಲಿ ತಳಿಬೆಕ್ಕುಗಳನ್ನು ಸಾಕುವವರು ಇಂದು ನಿಯಮ ಮಾಡಿಕೊಂಡು ನಡೆಸುವ ಕಾರ್ಯದ ಬೀಜರೂಪವು ಈ ಹಳ್ಳಿಯ ರೂಢಿಯಲ್ಲಿಯೇ ಕಾಣುತ್ತದೆ.

ಹೇಳಿಟ್ಟವರು ಮರಿ ಹುಟ್ಟಿದ ಮರುದಿನವೇ ಅದನ್ನು ಒಯ್ಯುವಂತಿಲ್ಲ. ತಾಯಿಯ ಗರ್ಭದಲ್ಲಿ ಸುಮಾರು ಒಂಬತ್ತು ವಾರಗಳ ಕಾಲ ಬೆಳೆದು ಹುಟ್ಟುವ ಮರಿಯು ಕುರುಡಾಗಿಯೂ ಕಿವುಡಾಗಿಯೂ ಇರುತ್ತದೆ. ಏಳರಿಂದ ಹತ್ತು ದಿನಗಳಲ್ಲಿ ಅದರ ಕಣ್ಣು ತೆರೆಯುತ್ತದೆ. ತಾಯಿಯು ಮರಿಗಳನ್ನು ಕಚ್ಚಿಕೊಂಡು ಏಳು ಮನೆ ಸುತ್ತಿಸುತ್ತದೆ ಎಂಬ ಮಾತುಂಟು. ಎಣಿಕೆ ಏಳೇ ಆಗಬೇಕೆಂದಿಲ್ಲ. ಅಪಾಯದ ಸುಳಿವು ಕಂಡರೆ ತಾಯಿ ಮರಿಗಳನ್ನು ಬೇರೆಡೆಗೆ ಸಾಗಿಸುತ್ತದೆ ಎಂಬುದು ಮಾತ್ರ ನಿಜ. ನಾಲ್ಕನೆಯ ವಾರದಿಂದ ಮರಿಗಳು ಮೆತ್ತನೆಯ ಆಹಾರವನ್ನು ನೆಕ್ಕಲು ಕಲಿಯುತ್ತವೆ. ಎಂಟನೆಯ ವಾರದ ಹೊತ್ತಿಗೆ ತಾಯಿಯ ಹಾಲನ್ನು ಬಿಟ್ಟು ಬದುಕಬಲ್ಲವು.

ಈ ಎರಡು ತಿಂಗಳು ಕೇವಲ ಹಾಲು ಕುಡಿಯುವ ಕಾಲವಲ್ಲ. ಅದು ಮರಿಯ ಪಾಠಶಾಲೆ. ಬೇಟೆಯಾಡುವ ಬಗೆಯನ್ನು ಅದು ತಾಯಿಯಿಂದ ಕಲಿಯುತ್ತದೆ. ಒಡಹುಟ್ಟಿದ ಮರಿಗಳೊಡನೆ ಆಡುತ್ತ, ಎಷ್ಟು ಬಲವಾಗಿ ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಅರಿಯುತ್ತದೆ. ಎರಡರಿಂದ ಏಳು ವಾರಗಳ ನಡುವೆ ಮನುಷ್ಯರ ಮೃದುವಾದ ಕೈಗೆ ಒಗ್ಗಿದ ಮರಿಯು ಮುಂದೆ ಅವರಿಗೆ ಹೆದರುವುದಿಲ್ಲ. ತೀರ ಎಳೆಯದಾಗಿದ್ದಾಗ ಅಗಲಿಸಿದ ಮರಿಯು ಹೆದರುಪುಕ್ಕಲಾಗಬಹುದು. ಇಲ್ಲವೆ ಕಚ್ಚುವ, ಪರಚುವ ಗುಣ ಬೆಳೆಸಿಕೊಳ್ಳಬಹುದು. ಹಸುವಿನ ಹಾಲು ಹಿಡಿಸದೆ ಭೇದಿಯಾಗಿ ಸಾಯುವ ಮರಿಗಳೂ ಉಂಟು. ಆದುದರಿಂದ ಕಾಯುವಿಕೆಯು ಕೊಳ್ಳುವವನಿಗೆ ವಿಧಿಸಿದ ದಂಡವಲ್ಲ. ಮರಿಗೆ ಸಲ್ಲಬೇಕಾದ ಹಕ್ಕು.

ರೇಷ್ಮೆ ಸೀಮೆಯ ಮಕ್ಕಳಿಗೆ ಈ ಮಾತು ಹೊಸದಲ್ಲ. ಚಾಕಿ ಕೇಂದ್ರದಲ್ಲಿ ಎಳೆಯ ಹುಳುಗಳನ್ನು ಎರಡನೆಯ ಜ್ವರದವರೆಗೆ ಸಾಕಿ ಅನಂತರ ರೈತರಿಗೆ ಕೊಡುತ್ತಾರೆ. ಹುಳು ಬೇಕಾದ ರೈತನು ಮುಂಚಿತವಾಗಿಯೇ ಎಷ್ಟು ಮೊಟ್ಟೆ ಬೇಕೆಂದು ತಿಳಿಸಿರಬೇಕು. ನೂರು ಮೊಟ್ಟೆಯ ಹುಳುಗಳಿಗೆ ಸುಮಾರು ಒಂದು ಟನ್ನಿನಷ್ಟು ಸೊಪ್ಪು ಬೇಕು. ಸೊಪ್ಪಿಲ್ಲದೆ ಹುಳು ತಂದವನು ಹುಳುಗಳನ್ನು ಉಪವಾಸ ಕೆಡವಿ ತಾನೂ ನಷ್ಟಕ್ಕೆ ಗುರಿಯಾಗುತ್ತಾನೆ. ತೋಟವನ್ನು ನೋಡಿಕೊಂಡು ಹುಳು ತರುವುದು ರೈತನ ವಿವೇಕ. ಮನೆಯನ್ನು ನೋಡಿಕೊಂಡು ಮರಿ ಕೊಡುವುದು ಬೆಕ್ಕು ಸಾಕುವವನ ವಿವೇಕ.

ಬೆಕ್ಕಿನ ತಳಿಗಳನ್ನು ಗುರುತಿಸಿ, ವಂಶಾವಳಿ ಬರೆದಿಟ್ಟು ಬೆಳೆಸುವ ಪದ್ಧತಿಯು ಬಹಳ ಹಳೆಯದಲ್ಲ. 1871ರ ಜುಲೈ 13ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ಸಿನಲ್ಲಿ ಹ್ಯಾರಿಸನ್ ವಿಯರ್ ಎಂಬ ಚಿತ್ರಕಾರನು ದೊಡ್ಡದೊಂದು ಬೆಕ್ಕುಗಳ ಪ್ರದರ್ಶನವನ್ನು ಏರ್ಪಡಿಸಿದನು. ಅಲ್ಲಿಂದ ಮುಂದೆ ಪರ್ಷಿಯನ್, ಸಯಾಮೀಸ್ ಮೊದಲಾದ ತಳಿಗಳ ಮೇಲೆ ಜನರ ಒಲವು ಬೆಳೆಯಿತು. ತಳಿಗಳ ದಾಖಲೆಯನ್ನು ಇಡಲು ಅಮೆರಿಕದಲ್ಲಿ 1906ರಲ್ಲಿಯೂ ಇಂಗ್ಲೆಂಡಿನಲ್ಲಿ 1910ರಲ್ಲಿಯೂ ಸಂಘಗಳು ಸ್ಥಾಪನೆಯಾದವು. ಇಂದು ಬೆಂಗಳೂರು, ಮೈಸೂರುಗಳಂಥ ನಗರಗಳಲ್ಲಿಯೂ ಪರ್ಷಿಯನ್ ಬೆಕ್ಕುಗಳನ್ನು ಸಾಕುವವರಿದ್ದಾರೆ.

ಇಂಥ ತಳಿಬೆಕ್ಕುಗಳನ್ನು ಸಾಕುವ ಪ್ರಾಮಾಣಿಕನು ಮರಿಗಳು ಹುಟ್ಟುವುದಕ್ಕೆ ಮೊದಲೇ ಬೇಕಾದವರ ಹೆಸರುಗಳನ್ನು ಬರೆದುಕೊಳ್ಳುತ್ತಾನೆ. ಮನೆಗಳು ಗೊತ್ತಾದ ಮೇಲೆಯೇ ಅವನು ಬೆಕ್ಕನ್ನು ಕೂಡಿಸುತ್ತಾನೆ. ತಾಯಿಯ ಆರೋಗ್ಯದ ದೃಷ್ಟಿಯಿಂದ ಒಂದು ಸೂಲಿಗೂ ಇನ್ನೊಂದಕ್ಕೂ ನಡುವೆ ಬಿಡುವು ಕೊಡುತ್ತಾನೆ. ಆದುದರಿಂದ ಹೆಸರು ಬರೆಯಿಸಿದವರು ಕೆಲವು ವೇಳೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಮರಿ ದೊರಕಿಯೇ ತೀರುತ್ತದೆ ಎನ್ನುವಂತಿಲ್ಲ. ಒಂದು ಸೂಲಿನಲ್ಲಿ ಎರಡೇ ಮರಿ ಹುಟ್ಟಬಹುದು, ಐದೂ ಹುಟ್ಟಬಹುದು, ಬಯಸಿದ ಬಣ್ಣ ಬಾರದಿರಬಹುದು, ಹುಟ್ಟಿದುದೆಲ್ಲ ಉಳಿಯದಿರಬಹುದು. ಪ್ರಕೃತಿಯು ಯಾರ ಪಟ್ಟಿಯನ್ನೂ ನೋಡಿ ಮರಿಗಳನ್ನು ಕೊಡುವುದಿಲ್ಲ. ಈ ಸಂಗತಿಯನ್ನು ಮೊದಲೇ ತಿಳಿಸುವುದು, ಮುಂಗಡ ಹಣ ಪಡೆದಿದ್ದರೆ ಅದನ್ನು ಯಾವಾಗ ಹಿಂದಿರುಗಿಸಲಾಗುವುದು ಎಂಬುದನ್ನು ಬರೆದುಕೊಡುವುದು ಒಳ್ಳೆಯ ಸಾಕಣೆಗಾರನ ಲಕ್ಷಣ.

ಕೇಳಲು ಬಂದವರಿಗೆ ಅವನು ಹಲವು ಪ್ರಶ್ನೆಗಳನ್ನು ಹಾಕುತ್ತಾನೆ. ಮನೆಯಲ್ಲಿ ಎಷ್ಟು ಜನ? ಚಿಕ್ಕ ಮಕ್ಕಳಿದ್ದಾರೆಯೆ? ಹಗಲೆಲ್ಲ ಮನೆಗೆ ಬೀಗ ಹಾಕಿರುತ್ತದೆಯೆ? ಮೇಲಿನ ಅಂತಸ್ತಿನ ಮನೆಯಾದರೆ ಕಿಟಕಿಗಳಿಗೆ ಬಲೆಯಿದೆಯೆ? ಉದ್ದ ಕೂದಲಿನ ಬೆಕ್ಕನ್ನು ದಿನವೂ ಬಾಚಲು ಸಮಯವುಂಟೆ? ಊರು ಬಿಟ್ಟು ಹೋಗಬೇಕಾಗಿ ಬಂದರೆ ಅದನ್ನು ನೋಡಿಕೊಳ್ಳುವವರು ಯಾರು? ಈ ಪ್ರಶ್ನೆಗಳಿಂದ ಕೆಲವರಿಗೆ ಬೇಸರವಾಗುವುದುಂಟು. ಹಣ ಕೊಡುವವರನ್ನೇ ಹೀಗೆ ಪರೀಕ್ಷಿಸಬೇಕೆ ಎಂದು ಅವರು ಕೇಳುತ್ತಾರೆ. ಆದರೆ ಬೆಕ್ಕು ಹದಿನೈದು ವರ್ಷ ಬದುಕಬಲ್ಲ ಜೀವಿ. ಇಂದಿನ ಆಸೆಯು ಅಷ್ಟು ಕಾಲ ಉಳಿಯುವುದೇ ಎಂಬುದನ್ನು ಕೊಡುವವನೂ ಯೋಚಿಸಬೇಕು, ಪಡೆಯುವವನೂ ಯೋಚಿಸಬೇಕು.

ಮರಿಗಳು ಬೆಳೆದಂತೆ ಅವುಗಳ ಸ್ವಭಾವವೂ ಹೊರಬೀಳುತ್ತದೆ. ಒಂದು ಧೈರ್ಯಶಾಲಿ, ಒಂದು ಸಂಕೋಚದ್ದು, ಒಂದು ಸದಾ ಆಟದ್ದು. ಪಟ್ಟಿಯ ಮೊದಲ ಹೆಸರಿನವರ ಮನೆಯಲ್ಲಿ ಗದ್ದಲ ಹೆಚ್ಚಾಗಿದ್ದು, ಉಳಿದಿರುವುದು ಸಂಕೋಚದ ಮರಿಯೊಂದೇ ಆದರೆ, ಅದನ್ನು ಅವರಿಗೆ ಕೊಡದೆ ಶಾಂತವಾದ ಇನ್ನೊಂದು ಮನೆಗೆ ಕಳುಹಿಸುವುದೇ ಸರಿ. ಸರದಿಯೆಂಬುದು ನ್ಯಾಯ, ಹೊಂದಿಕೆಯೆಂಬುದು ದಯೆ. ಈ ಎರಡನ್ನೂ ತೂಗಿ ನೋಡುವುದು ಸಾಕಣೆಗಾರನ ಕೆಲಸದಲ್ಲಿ ಅತ್ಯಂತ ಕಠಿಣವಾದ ಭಾಗ.

ಆರರಿಂದ ಎಂಟು ವಾರಗಳಲ್ಲಿ ಮರಿಗೆ ಮೊದಲ ಲಸಿಕೆ ಹಾಕಿಸಬೇಕು; ಜಂತುವಿನ ಔಷಧ ಕೊಡಿಸಬೇಕು. ಮೂರು ತಿಂಗಳಾದ ಮೇಲೆ ಹುಚ್ಚುನಾಯಿ ರೋಗದ ಲಸಿಕೆಯೂ ಅಗತ್ಯ. ಆ ರೋಗವು ಬೆಕ್ಕಿಗೂ ತಗುಲುತ್ತದೆ. ಬೆಕ್ಕಿನಿಂದ ಮನುಷ್ಯನಿಗೂ ಬರುತ್ತದೆ. ಈ ಕಾರಣಗಳಿಂದ ಅನೇಕ ಸಾಕಣೆಗಾರರು ಹನ್ನೆರಡು ಹದಿಮೂರು ವಾರಗಳವರೆಗೆ ಮರಿಯನ್ನು ತಮ್ಮಲ್ಲಿಯೇ ಇಟ್ಟುಕೊಳ್ಳುತ್ತಾರೆ. ಕೊಡುವ ದಿನ ಒಂದು ಒಪ್ಪಂದಕ್ಕೆ ಸಹಿಯಾಗುತ್ತದೆ. ಮರಿಗೆ ಸಕಾಲದಲ್ಲಿ ಸಂತಾನಹರಣ ಚಿಕಿತ್ಸೆ ಮಾಡಿಸುವುದು, ಅದನ್ನು ಇನ್ನೊಬ್ಬರಿಗೆ ಮಾರದಿರುವುದು, ಸಾಕಲು ಆಗದಿದ್ದರೆ ಬೀದಿಗೆ ಬಿಡದೆ ಸಾಕಣೆಗಾರನಿಗೇ ಹಿಂದಿರುಗಿಸುವುದು ಅದರ ಮುಖ್ಯ ಷರತ್ತುಗಳು. ಮರಿ ಮನೆ ಬಿಟ್ಟರೂ ಹೊಣೆ ಮನೆ ಬಿಡುವುದಿಲ್ಲ.

ಎಲ್ಲರೂ ಹೀಗೆ ನಡೆಯುವುದಿಲ್ಲ ಎಂಬುದು ವಿಷಾದದ ಸಂಗತಿ. ಮುಂಗಡ ಪಡೆದು ಕಣ್ಮರೆಯಾಗುವವರಿದ್ದಾರೆ. ಐದು ವಾರದ ಮರಿಗೆ ಎರಡು ತಿಂಗಳೆಂದು ಸುಳ್ಳು ಹೇಳಿ ಮಾರುವವರಿದ್ದಾರೆ. ಆದುದರಿಂದ ಕಾನೂನೂ ಕಣ್ಣು ತೆರೆಯಬೇಕಾಯಿತು. ಇಂಗ್ಲೆಂಡಿನಲ್ಲಿ 2020ರ ಏಪ್ರಿಲ್‌ನಿಂದ ಆರು ತಿಂಗಳಿಗಿಂತ ಚಿಕ್ಕ ನಾಯಿಮರಿ, ಬೆಕ್ಕಿನ ಮರಿಗಳನ್ನು ನಡುವಿನ ವ್ಯಾಪಾರಿಗಳು ಮಾರುವಂತಿಲ್ಲ. ಭಾರತದಲ್ಲಿ 2017ರ ನಿಯಮಗಳ ಪ್ರಕಾರ ಎಂಟು ವಾರ ತುಂಬದ ನಾಯಿಮರಿಯನ್ನು ಮಾರುವುದು ನಿಷಿದ್ಧ.

ಕರ್ನಾಟಕದಲ್ಲಿ ತಳಿಪ್ರಾಣಿಗಳ ಮರಿಗಳನ್ನು ಕ್ರಮವಾಗಿ ಹಂಚುವ ಪ್ರಸಿದ್ಧ ನಿದರ್ಶನವು ನಾಯಿಗಳದು. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯ ಚಿತ್ರವುಳ್ಳ ಅಂಚೆಚೀಟಿಯು 2005ರಲ್ಲಿ ಹೊರಬಂದಿತು. 2016ರಲ್ಲಿ ಭಾರತೀಯ ಸೇನೆಯು ತರಬೇತಿಗಾಗಿ ಅದರ ಮರಿಗಳನ್ನು ಮೀರತ್ತಿಗೆ ಒಯ್ದಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಕೇಂದ್ರವಿದೆ. ಅಲ್ಲಿ ಮರಿ ಬೇಕಾದವರು ಮುಂಚಿತವಾಗಿ ಹೆಸರು ಬರೆಯಿಸುತ್ತಾರೆ. ಬೇಟೆಗಾಗಿ ಹುಟ್ಟಿ ಬಯಲಿನಲ್ಲಿ ಓಡಬೇಕಾದ ಈ ನಾಯಿಯು ಇಕ್ಕಟ್ಟಾದ ಮನೆಗೆ ಹೊಂದುವುದಿಲ್ಲ. ಇಲ್ಲಿಯೂ ಮೊದಲು ಕೇಳಬೇಕಾದ ಪ್ರಶ್ನೆ ಮನೆಯನ್ನು ಕುರಿತದ್ದೇ.

ತಳಿಬೆಕ್ಕಿನ ಮರಿಗಾಗಿ ಜನರು ಕಾಯುತ್ತಾರೆ. ಆದರೆ ಜನರಿಗಾಗಿ ಕಾಯುವ ಮರಿಗಳೂ ಇವೆ. ಹೆಣ್ಣುಬೆಕ್ಕು ಆರು ತಿಂಗಳ ಪ್ರಾಯದಲ್ಲಿಯೇ ಗಬ್ಬವಾಗಬಲ್ಲದು; ವರ್ಷಕ್ಕೆ ಎರಡು ಮೂರು ಬಾರಿ ಈಯಬಲ್ಲದು. ಒಂದು ಸೂಲಿಗೆ ನಾಲ್ಕು ಮರಿಗಳೆಂದು ಎಣಿಸಿದರೂ ಒಂದೇ ವರ್ಷದಲ್ಲಿ ಎಂಟರಿಂದ ಹನ್ನೆರಡು ಮರಿಗಳಾದುವು. ಅಷ್ಟು ಮನೆಗಳು ಎಲ್ಲಿ ದೊರಕಬೇಕು? ಕೇಳುವವರಿಲ್ಲದ ಮರಿಗಳನ್ನು ಚೀಲದಲ್ಲಿ ಕಟ್ಟಿ ಸಂತೆಯ ಮಾಳದಲ್ಲಿಯೋ ಊರಾಚೆಯಲ್ಲಿಯೋ ಬಿಟ್ಟುಬರುವ ಕ್ರೂರ ಅಭ್ಯಾಸವು ಇನ್ನೂ ಅಳಿದಿಲ್ಲ. ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಗಳಿಂದ ನರಳುವಂತೆ ಬಿಟ್ಟುಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಆದರೆ ಕಾಯಿದೆಗಿಂತ ಮೊದಲು ಮಾಡಬಹುದಾದ ಕೆಲಸವಿದೆ. ಪಶುವೈದ್ಯರಿಂದ ತಾಯಿಬೆಕ್ಕಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿದರೆ ಮನೆಯಿಲ್ಲದ ಮರಿಗಳು ಹುಟ್ಟುವುದೇ ಇಲ್ಲ.

ಹೇಳಿಟ್ಟ ಮಾತನ್ನು ನೆನಪಿನಲ್ಲಿಟ್ಟು ಮರಿ ಕೊಡುವ ಹಳ್ಳಿಯ ತಾಯಿಯೂ ಪಟ್ಟಿಯಲ್ಲಿ ಹೆಸರು ಬರೆದುಕೊಳ್ಳುವ ನಗರದ ಸಾಕಣೆಗಾರನೂ ಪಾಲಿಸಬೇಕಾದ ಧರ್ಮ ಒಂದೇ: ಮನೆ ಮೊದಲು, ಮರಿ ಆಮೇಲೆ. ಎರಡು ತಿಂಗಳು ತಾಯಿಯ ಮಡಿಲಲ್ಲಿ ಬೆಳೆದ ಮರಿಯು ಬುಟ್ಟಿಯಲ್ಲಿ ಕುಳಿತು ನೆರೆಮನೆಗೆ ಬಂದ ರಾತ್ರಿ ತಾಯಿಯನ್ನು ನೆನೆದು ಅಳುತ್ತದೆ. ಕೆಲವು ದಿನಗಳಲ್ಲಿ ಆ ಮನೆಯ ಒಲೆಯ ಬೆಚ್ಚಗಿನ ಮೂಲೆ ಅದರದೇ ಆಗುತ್ತದೆ. ಅಟ್ಟದ ಮೇಲೆ ಇಲಿಗಳ ಸದ್ದು ಅಡಗುತ್ತದೆ.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿ:
1. ರೇಷ್ಮೆ ಬೆಳೆಗಾರನಿಗೆ ಇಲಿಯಿಂದ ಆಗುವ ಹಾನಿ ಯಾವುದು?
2. ಬೆಕ್ಕಿನ ಮರಿಯು ಯಾವ ವಯಸ್ಸಿನಲ್ಲಿ ತಾಯಿಯ ಹಾಲನ್ನು ಬಿಟ್ಟು ಬದುಕಬಲ್ಲದು?

ಆ) ಐದಾರು ವಾಕ್ಯಗಳಲ್ಲಿ ಉತ್ತರಿಸಿ:
1. ಪಟ್ಟಿಯಲ್ಲಿ ಹೆಸರಿದ್ದವರಿಗೆಲ್ಲ ಮರಿ ದೊರಕುವುದೆಂದು ಹೇಳಲಾಗದು. ಏಕೆ?
2. ಚಾಕಿ ಹುಳುವಿನ ಹಂಚಿಕೆಗೂ ಬೆಕ್ಕಿನ ಮರಿಯ ಹಂಚಿಕೆಗೂ ಇರುವ ಹೋಲಿಕೆಯನ್ನು ವಿವರಿಸಿ.

ಇ) “ಸರದಿಯೆಂಬುದು ನ್ಯಾಯ, ಹೊಂದಿಕೆಯೆಂಬುದು ದಯೆ.” ಈ ಮಾತಿನ ಸ್ವಾರಸ್ಯವನ್ನು ಬರೆಯಿರಿ.